ಮಾಸ್ಟ್ರಿಗೆ ಸ್ಪೀಡು ಬೇಕಂತೆ

ನಮ್ಮ ಪಕ್ಕದ ಮನೆಯ ಮಾಸ್ಟ್ರಿಗೆ ಅರುವತ್ತು ದಾಟಿದ ಮೇಲೆ ಸ್ಪೀಡಿನ ಹುಚ್ಚು ಹಿಡಿದಿದೆ. ಕಾಸರಗೋಡು ಕಡೆಯವರು. ಕನ್ನಡ ಮೀಡಿಯಂ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಇನ್ಫೋಪಾರ್ಕಿನಲ್ಲಿ ಕೆಲಸದಲ್ಲಿರುವ ಮಗಳ ಜೊತೆ ಇರಲೆಂದು ತ್ರಿಪ್ಪುಣಿತ್ತುರಕ್ಕೆ ಬಂದಿದ್ದಾರೆ. ನಾನು ಪುತ್ತೂರಿನವ. ಬ್ಯಾಂಕಿನ ವರ್ಗಾವಣೆಯಲ್ಲಿ ಇಲ್ಲಿಗೆ ಬಂದು, ಮೀನು ತಿನ್ನದಿದ್ದರೂ ಈ ಊರು ಸೇರಿತು ಎಂದು ಇಲ್ಲೇ ಉಳಿದವ. ಇಬ್ಬರ ನಡುವೆ ಎದೆಮಟ್ಟದ ಒಂದು ಪಾಗಾರ. ಬೆಳಗ್ಗೆ ಅವರು ಅತ್ತ ಕಾರು ಒರೆಸುತ್ತಾರೆ, ನಾನು ಇತ್ತ ಬಸಳೆಗೆ ನೀರು ಬಿಡುತ್ತೇನೆ. ಅಮೆರಿಕದಿಂದ ಹಿಡಿದು ಅಡಿಕೆ ರೇಟಿನವರೆಗೆ ಎಲ್ಲದಕ್ಕೂ ಅಲ್ಲೇ ತೀರ್ಪು. ಈಚೆಗೆ ಅಮೆರಿಕವೂ ಇಲ್ಲ, ಅಡಿಕೆಯೂ ಇಲ್ಲ. ಒಂದೇ ಕೇಸು: ಸಿಯಾಜ್ ಕೊಟ್ಟು ವರ್ಟಸ್ ತರುವುದೋ, ಬೇಡವೋ.

ಸಿಯಾಜ್ ಎಂದರೆ 2014ರಲ್ಲಿ ಬಂದು 2025ರಲ್ಲಿ ತಯಾರಿ ನಿಂತ ಮಾರುತಿಯ ಉದ್ದ ಕಾರು. ಅದಕ್ಕೆ ಒಳ್ಳೆ ಹೆಸರು ತಂದವರು ಓಡಿಸುವವರಲ್ಲ, ಹಿಂದೆ ಕೂತವರು. ಕಾಲು ಚಾಚಲು ಅಷ್ಟು ಜಾಗ, ಅಷ್ಟು ಮೆತ್ತಗಿನ ಓಟ. ಮಾಸ್ಟ್ರದ್ದು ಒಂದೂವರೆ ಲೀಟರಿನ ಪೆಟ್ರೋಲ್ ಎಂಜಿನ್, 105 ಅಶ್ವಶಕ್ತಿ. ಮಾಸ್ಟ್ರ ಹೆಂಡತಿಯನ್ನು ನಾವೆಲ್ಲ ಅಕ್ಕ ಎನ್ನುತ್ತೇವೆ. ಊರಿಗೆ ಹೊರಟರೆ ಅವರು ಇಡಪ್ಪಳ್ಳಿಯಲ್ಲಿ ಕಣ್ಣು ಮುಚ್ಚಿದವರು ತ್ರಿಶೂರು ಕಳೆದ ಮೇಲೆ ಏಳುತ್ತಾರೆ. ಒಂದು ಕಾರಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಯಾವ ಪತ್ರಿಕೆಯವರೂ ಕೊಡಲಾರರು.

ವರ್ಟಸ್ ಬಂದದ್ದು 2022ರಲ್ಲಿ. ಜರ್ಮನ್ ಕಂಪನಿ, ತಯಾರಾಗುವುದು ಪುಣೆ ಹತ್ತಿರದ ಚಾಕಣದಲ್ಲಿ. ಮಾಸ್ಟ್ರು ಕಣ್ಣಿಟ್ಟಿರುವ ಜಿಟಿಯಲ್ಲೂ ಎಂಜಿನ್ ಒಂದೂವರೆ ಲೀಟರಿನದ್ದೇ. ಆದರೆ ಅದಕ್ಕೆ ಟರ್ಬೊ ಉಂಟು, 150 ಅಶ್ವಶಕ್ತಿ.

"ಉದ್ದಗಲ ಎಲ್ಲ ಹೆಚ್ಚುಕಡಿಮೆ ಒಂದೇ ಮೇನೇಜ್ರೇ. ಸಿಯಾಜಿನ ವೀಲ್‌ಬೇಸ್ 2650 ಮಿಲಿಮೀಟರ್, ಇದರದ್ದು 2651."

"ಹಾಗಾದ್ರೆ ಅಕ್ಕನಿಗೆ ಒಂದು ಮಿಲಿಮೀಟರ್ ಹೆಚ್ಚಿಗೆ ಸುಖ. ಹೇಳಿ ನೋಡಿ."

"ನೀವು ಒಬ್ರು!"

ಆ ಎಂಜಿನಿನ ಒಂದು ಚಮತ್ಕಾರವನ್ನು ಮಾಸ್ಟ್ರೇ ಹೇಳಿಕೊಟ್ಟರು, ಅದನ್ನೇ ನಾನು ಅವರ ಮೇಲೆ ತಿರುಗಿಸಿದೆ. ಹೆಚ್ಚಿನ ಕೆಲಸ ಇಲ್ಲದಾಗ ನಾಲ್ಕರಲ್ಲಿ ಎರಡು ಸಿಲಿಂಡರುಗಳು ತಾವಾಗಿಯೇ ಮಲಗುತ್ತವೆ. ಪೆಟ್ರೋಲ್ ಉಳಿಸುವ ಉಪಾಯ. ನಾಲ್ಕಕ್ಕೆ ದುಡ್ಡು ಕೊಟ್ಟು ಎರಡನ್ನು ಮಲಗಿಸಿ ಸಾಕಬೇಕಾದರೆ ಮಾಸ್ಟ್ರೇ, ಅದಕ್ಕೆ ಸಿಯಾಜೇ ಸಾಲದೇ ಎಂದೆ. ಅವರು ನನ್ನ ಬಸಳೆಯ ಕಡೆ ನೋಡಿ, ಹುಳ ಹಿಡಿದಿದೆ ಎಂದರು.

ಈ ಊರಿನಲ್ಲಿ ಓಡಿಸುವುದಾದರೂ ಎಲ್ಲಿ, ಅದು ನನ್ನ ಮೊದಲ ತಕರಾರು. ತ್ರಿಪ್ಪುಣಿತ್ತುರ ರಾಜರು ಇದ್ದ ಊರು. 1865ರಲ್ಲಿ ಕಟ್ಟಿದ ಹಿಲ್ ಪ್ಯಾಲೇಸ್ ಈಗ ಮ್ಯೂಸಿಯಂ ಆಗಿದೆ, ಆದರೆ ರಸ್ತೆಗಳು ಇನ್ನೂ ರಾಜರ ಕಾಲದವೇ. ಸ್ಟ್ಯಾಚ್ಯೂ ಜಂಕ್ಷನ್ನಿನಲ್ಲಿ ಒಂದು ಬಸ್ಸು ತಿರುಗಲು ಹೊರಟರೆ ಕಿಳಕ್ಕೇಕೋಟದವರೆಗೆ ಹಾರ್ನು. ಇರುಂಪನಂ ಕಡೆ ಹೋದರೆ ತೈಲ ಕಂಪನಿಗಳ ಟ್ಯಾಂಕರುಗಳ ಸಾಲು. ಓಣಂ ಶುರುವಾಗುವ ಅತ್ತಂ ದಿವಸ ಅತ್ತಚ್ಚಮಯದ ಮೆರವಣಿಗೆ ಹೊರಟರೆ ಕಾರನ್ನು ಶೆಡ್ಡಿನಿಂದ ತೆಗೆಯುವುದೇ ತಪ್ಪು. ಇನ್ನು ಪೂರ್ಣತ್ರಯೀಶ ದೇವಸ್ಥಾನದ ವೃಶ್ಚಿಕೋತ್ಸವ ಬಂತೆಂದರೆ ಎಂಟು ದಿವಸ ಊರಿಗೆ ಊರೇ ಅಲ್ಲಿ, ಹದಿನೈದು ಆನೆ ಸಾಲಾಗಿ ನಿಲ್ಲುತ್ತವೆ. ನಿಮ್ಮ ನೂರೈವತ್ತು ಕುದುರೆಯೂ ಆ ಹದಿನೈದು ಆನೆಯ ಹಿಂದೆಯೇ ನಿಲ್ಲಬೇಕು ಮಾಸ್ಟ್ರೇ ಎಂದೆ. ಆವತ್ತು ನಕ್ಕರು. ಮರುದಿನ ಅದೇ ಮಾತನ್ನು ತಮ್ಮದೆಂದು ಅಳಿಯನಿಗೆ ಹೇಳಿದರಂತೆ.

ಪೇಟೆಯೊಳಗೆ ನಿಜವಾಗಿ ವೇಗ ಇರುವುದು ನೆಲದ ಮೇಲೆ ಅಲ್ಲ, ಕಂಬದ ಮೇಲೆ. 2024ರ ಮಾರ್ಚಿನಲ್ಲಿ ನಮ್ಮಲ್ಲಿಗೆ ಮೆಟ್ರೊ ಬಂತು. ಆಲುವಾದಿಂದ ಇಲ್ಲಿಗೆ 25 ಸ್ಟೇಷನ್, 28 ಕಿಲೋಮೀಟರ್. ಮಗಳು, ಅಳಿಯ ಎರ್ನಾಕುಳಂ ಪೇಟೆಗೆ ಹೋಗುವುದು ಅದರಲ್ಲೇ. ಪೇಟ್ಟ ಸೇತುವೆಯ ಮೇಲೆ ನಿಂತ ಕಾರುಗಳ ತಲೆಯ ಮೇಲಿಂದ ಹೋಗುವಾಗ ಬಹಳ ಖುಷಿಯಾಗುತ್ತದಂತೆ ಆ ಹುಡುಗಿಗೆ.

"ಪೇಟೆಗಲ್ಲ ಮಾರಾಯ್ರೇ, ಊರಿಗೆ ಹೋಗುವಾಗ ಟೈಮು ಉಳೀತದೆ," ಎಂದರು ಮಾಸ್ಟ್ರು.

ಗಣಿತದ ಮಾಸ್ಟ್ರಿಗೆ ಲೆಕ್ಕದಲ್ಲೇ ಉತ್ತರ ಕೊಡಬೇಕು. ಬ್ಯಾಂಕಿನವನಿಗೂ ಅಷ್ಟು ಕೂಡು ಕಳೆ ಗೊತ್ತು. ಹತ್ತು ಕಿಲೋಮೀಟರ್ ದಾರಿಯನ್ನು ಗಂಟೆಗೆ 20ರಲ್ಲಿ ಹೋಗುವುದರ ಬದಲು 30ರಲ್ಲಿ ಹೋದರೆ ಎಷ್ಟು ಉಳಿಯುತ್ತದೆ ಎಂದು ಕೇಳಿದೆ. ಅರ್ಧ ಗಂಟೆಯದ್ದು ಇಪ್ಪತ್ತು ನಿಮಿಷ ಆಗ್ತದೆ, ಹತ್ತು ನಿಮಿಷ ಉಳೀತದೆ ಎಂದರು. ಸರಿ, ಅದೇ ಹತ್ತು ಕಿಲೋಮೀಟರನ್ನು 100ರ ಬದಲು 110ರಲ್ಲಿ? ಒರೆಸುವ ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ಗಾಳಿಯಲ್ಲಿ ಬೆರಳಾಡಿಸಿದರು. ಆರು ನಿಮಿಷದ್ದು ಐದೂವರೆಗೆ ಸ್ವಲ್ಪ ಕಡಿಮೆ. ಮೂವತ್ತಮೂರು ಸೆಕೆಂಡು.

"ಅಂದ್ರೆ ಟೈಮು ಉಳಿಸುವುದು ಗುಂಡಿ ಮುಚ್ಚುವ ಪಂಚಾಯತಿನವರು. ಕಾರಿನವರಲ್ಲ," ಎಂದೆ.

"ಲೆಕ್ಕ ಸರಿ ಉಂಟು. ಆದ್ರೆ ಲೆಕ್ಕ ನೋಡಿ ಕಾರು ತಕೊಳ್ಳುವವ ಯಾರು?"

ಅವರು ಸೋತು ಗೆಲ್ಲುವುದು ಹೀಗೆ.

ಊರಿನ ದಾರಿಯ ವಿಷಯ ಬಂದ ಮೇಲೆ ಅದನ್ನೂ ಹೇಳಿಬಿಡಬೇಕು. ಹೆದ್ದಾರಿ 66ರ ಷಟ್ಪಥ ಕಾಮಗಾರಿ ನಡೆಯುವುದನ್ನು ನೋಡುತ್ತ ನೋಡುತ್ತ ನಮ್ಮ ಮಕ್ಕಳು ದೊಡ್ಡವರಾದರು. ಉತ್ತರದ ತುದಿಯಲ್ಲಿ ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ಊರಾಳುಂಗಲ್ ಸೊಸೈಟಿಯವರು ಕಟ್ಟಿದ್ದು, ಮಾಸ್ಟ್ರ ಊರಿನ ಬಾಗಿಲಲ್ಲೇ, ಕಣ್ಣು ತಂಪಾಗುವ ಹಾಗೆ ಆಗಿದೆ. ಅತ್ತ ಮಲಪ್ಪುರಂ ಜಿಲ್ಲೆಯ ಕೂರಿಯಾಡಿನಲ್ಲಿ 2025ರ ಮೇ ತಿಂಗಳಲ್ಲಿ ಕಟ್ಟುತ್ತಿದ್ದ ಹೆದ್ದಾರಿಯೇ ಗದ್ದೆಗೆ ಕುಸಿಯಿತು. ನಮ್ಮ ದಕ್ಷಿಣಕ್ಕೆ ಅರೂರು–ತುರವೂರು ನಡುವೆ ಹನ್ನೆರಡೂ ಮುಕ್ಕಾಲು ಕಿಲೋಮೀಟರ್ ಮೇಲ್ಸೇತುವೆ ಕಟ್ಟಲು ಹೊರಟು ಕೆಳಗಿನವರನ್ನು ಕೆಸರಿನಲ್ಲಿ ಮುಳುಗಿಸಿದರು. ಊರಿನ ಆ 39 ಕಿಲೋಮೀಟರಿಗಾಗಿ ಕಾರು ಬದಲಿಸುವುದಾ ಎಂದು ಕೇಳಿದೆ. ಅಷ್ಟಾದ್ರೂ ಉಂಟಲ್ಲ ಎಂದರು. ಅವಸರ ಇದ್ದವನಿಗೆ 2023ರ ಏಪ್ರಿಲಿನಲ್ಲಿ ಶುರುವಾದ ವಂದೇ ಭಾರತ್ ಉಂಟು. ಎರ್ನಾಕುಳಂ ಟೌನಿನಲ್ಲಿ ಹತ್ತಿದರೆ ಐದು ಗಂಟೆಯ ಆಸುಪಾಸಿನಲ್ಲಿ ಕಾಸರಗೋಡು. ಅಕ್ಕ ಒಂದು ಸಲ ಹೋಗಿ ಬಂದು, ಕಾರಿನಲ್ಲಿ ಬರುವ ನಿದ್ದೆ ಅದರಲ್ಲಿ ಬರುವುದಿಲ್ಲ ಎಂದರಂತೆ. ರೈಲ್ವೆ ಮಂತ್ರಿಗಳಿಗೆ ಈ ದೂರು ತಲುಪಿದ ಹಾಗಿಲ್ಲ.

ಕಾನೂನಿನ ಮಾತೂ ಆಯಿತು. 2023ರ ಜುಲೈಯಿಂದ ಕೇರಳದಲ್ಲಿ ಕಾರುಗಳಿಗೆ ಆರು ಲೇನಿನ ರಾಷ್ಟ್ರೀಯ ಹೆದ್ದಾರಿಯಲ್ಲಿ 110, ನಾಲ್ಕು ಲೇನಿನದ್ದರಲ್ಲಿ 100, ಪೇಟೆಯೊಳಗೆ 50. ಸಿಯಾಜ್ ಇವೆಲ್ಲವನ್ನೂ ಏದುಸಿರು ಬಿಡದೆ ಮುಟ್ಟುತ್ತದೆ. ಅದೇ ವರ್ಷ ಜೂನ್ 5ರಿಂದ ದಂಡ ಹಾಕಲು ಶುರು ಮಾಡಿದ 726 ಎಐ ಕ್ಯಾಮರಾಗಳ ಭಯ ಹಾಕಿದೆ. ಮಾಸ್ಟ್ರು ಪಟ್ಟಿ ಬಾಯಿಪಾಠ ಮಾಡಿಕೊಂಡೇ ಬಂದಿದ್ದರು: ಅದರಲ್ಲಿ 675 ಹೆಲ್ಮೆಟ್, ಬೆಲ್ಟು ನೋಡುವಂಥವು, 25 ಪಾರ್ಕಿಂಗಿಗೆ, 18 ಕೆಂಪು ದೀಪಕ್ಕೆ, ಸ್ಪೀಡಿಗೆ ಇರುವುದು ಎಂಟೇ. ಆ ಎಂಟರಲ್ಲಿ ನಾಲ್ಕು ವಾಹನದ ಮೇಲೆ ಊರೂರು ತಿರುಗುತ್ತವೆ, ಇವತ್ತು ಎಲ್ಲಿ ಎಂದು ಹೇಳಿ ನೋಡುವ ಎಂದೆ. ಮೇಷ್ಟ್ರಾಗಿದ್ದವರು ಕ್ಯಾಮರಾಗಳಿಗೆ ಕಣ್ತಪ್ಪಿಸುವ ಲೆಕ್ಕ ಹಾಕುವುದು ನನಗೆ ಅಷ್ಟು ಸರಿ ಕಾಣಲಿಲ್ಲ.

ಆದರೆ ಒಂದು ಮಾತಿನಲ್ಲಿ ಅವರು ನನ್ನ ಬಾಯಿ ಕಟ್ಟಿದರು. "ಮೇನೇಜ್ರೇ, ಕಾರಿನ ಶಕ್ತಿ ನೂರಹತ್ತರಲ್ಲಿ ಹೋಗಲಿಕ್ಕೆ ಅಲ್ಲ. ಎರಡು ಲೇನಿನ ರಸ್ತೆಯಲ್ಲಿ ಟ್ಯಾಂಕರ್ ಹಿಂದೆ ಹಾಕಬೇಕಾದ್ರೆ ಎದುರಿನ ಲೇನಿನಲ್ಲಿ ನಾನು ಎಷ್ಟು ಹೊತ್ತು ಇರ್ತೇನೆ, ಅದು ಮುಖ್ಯ." ಸಿಯಾಜಿನ ಎಳೆತ 138 ನ್ಯೂಟನ್ ಮೀಟರ್, ಅದೂ ಎಂಜಿನನ್ನು ನಿಮಿಷಕ್ಕೆ 4400 ಸುತ್ತಿನವರೆಗೆ ಕೂಗಿಸಿದರೆ. ವರ್ಟಸಿನದ್ದು 250, ಅದು 1600 ಸುತ್ತಿಗೇ ಸಿಗುತ್ತದೆ. ಗೇರು ಇಳಿಸಿ, ಎಂಜಿನ್ ಬೊಬ್ಬೆ ಹಾಕಿ, ದೇವರ ಹೆಸರು ಹೇಳಿ ನುಗ್ಗುವುದಕ್ಕೂ, ಕಾಲು ಒತ್ತಿದ ಕೂಡಲೇ ಮುಂದೆ ಹೋಗಿ ಎಡಕ್ಕೆ ಬರುವುದಕ್ಕೂ ವ್ಯತ್ಯಾಸ ಉಂಟು. ಇದನ್ನು ನಾನು ಒಪ್ಪಿದೆ. ಒಪ್ಪಿ, 80ರಿಂದ 110ಕ್ಕೆ ಏರಿದರೆ ಬ್ರೇಕು ಇಂಗಿಸಬೇಕಾದ ಶಕ್ತಿ ಎಷ್ಟಾಗುತ್ತದೆ ಎಂದು ಒಂದು ಉಪಪ್ರಶ್ನೆ ಸೇರಿಸಿದೆ. ವೇಗದ ವರ್ಗ ಎಂಬುದು ಅವರು ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದದ್ದೇ. ಹತ್ತಿರ ಹತ್ತಿರ ಇಮ್ಮಡಿ ಎಂದು ತಾವೇ ಹೇಳಿದರು, ಸ್ವಲ್ಪ ಸಣ್ಣ ಸ್ವರದಲ್ಲಿ.

ಎದುರು ಮನೆಯ ಚೇಟ್ಟನ್ ಕೆಎಸ್ಸಾರ್ಟಿಸಿಯಲ್ಲಿ ಡ್ರೈವರ್ ಆಗಿದ್ದವರು. ನಮ್ಮ ಕನ್ನಡ ಪೂರ್ತಿ ಅರ್ಥವಾಗದಿದ್ದರೂ ಕಾರಿನ ಮಾತು ಯಾವ ಭಾಷೆಯಲ್ಲಿದ್ದರೂ ಅವರಿಗೆ ತಿಳಿಯುತ್ತದೆ. ಪೇಪರು ಮಡಚಿಕೊಂಡು ಬಂದು ತಮ್ಮ ಅಭಿಪ್ರಾಯ ಹೇಳಿದರು. ತಿರುವನಂತಪುರದಿಂದ ಕಾಸರಗೋಡಿಗೆ ಮಿನ್ನಲ್ ಎಂಬ ಬಸ್ಸು ಬಿಟ್ಟರಲ್ಲ 2017ರಲ್ಲಿ, ಅದು ಬೇಗ ಮುಟ್ಟುವುದು ಎಂಜಿನಿನಿಂದಲ್ಲ, ನಿಲ್ಲುವ ಜಾಗ ಕಡಿಮೆ ಇರುವುದರಿಂದ. ಮಾಸ್ಟ್ರು ದಾರಿಯಲ್ಲಿ ಚಹಾಕ್ಕೆ ಅಂತ ಎಷ್ಟು ಕಡೆ ನಿಲ್ಲುತ್ತಾರೆ? ಅದನ್ನು ಕಡಿಮೆ ಮಾಡಲಿ, ಹೊಸ ಕಾರೇ ಬೇಡ. ಇಷ್ಟು ಹೇಳಿ ಚೇಟ್ಟನ್ ಕರುಣಾಕರನ್ ಕಾಲಕ್ಕೆ ಹೋದರು. ಕೇರಳದಲ್ಲಿ ಸ್ಪೀಡಿನ ಮಾತು ಬಂದರೆ ಮುಖ್ಯಮಂತ್ರಿಯಾಗಿದ್ದ ಕೆ. ಕರುಣಾಕರನ್ ಬಾರದೆ ಹೋಗುವುದಿಲ್ಲ. ಮಲಯಾಳ ತಿಂಗಳ ಒಂದನೇ ತಾರೀಕು ಗುರುವಾಯೂರು ತಪ್ಪಿಸದವರು, ಕಾರು ನಿಧಾನವಾದರೆ ಸಹಿಸದವರು. 1992ರಲ್ಲಿ ತಿರುವನಂತಪುರದ ಹತ್ತಿರ ಅವರ ಕಾರು ಅಪಘಾತಕ್ಕೆ ಸಿಕ್ಕಿ, ಚಿಕಿತ್ಸೆಗೆ ಅಮೆರಿಕದವರೆಗೆ ಹೋಗಬೇಕಾಯಿತು. ಬಂದ ಮೇಲೂ ಗುರುವಾಯೂರು ಬಿಡಲಿಲ್ಲ. ಚೇಟ್ಟನ್ನಿನ ಸ್ವರದಲ್ಲಿ ಎಚ್ಚರಿಕೆ ಎಷ್ಟಿತ್ತೋ ಮೆಚ್ಚುಗೆಯೂ ಅಷ್ಟೇ ಇತ್ತು. ಅದು ಮಾಸ್ಟ್ರಿಗೆ ಕೇಳಿಸಿತು, ಅದೇ ತೊಂದರೆಯಾದದ್ದು.

ಆಗ ನಾನು ನನ್ನ ತುರುಪು ಎಲೆ ತೆಗೆದೆ. ತಿರುವಾಂಕೂರಿನ ಕೊನೆಯ ಆಳುವ ಮಹಾರಾಜ ಚಿತ್ತಿರ ತಿರುನಾಳರ ತಮ್ಮ, ಉತ್ರಾಡಂ ತಿರುನಾಳ್ ಮಾರ್ತಾಂಡ ವರ್ಮ. 2013ರ ಡಿಸೆಂಬರಿನಲ್ಲಿ, 91ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರದ್ದೊಂದು ಬೆಂಝ್ 180 ಇತ್ತು. 1950ರ ದಶಕದಲ್ಲಿ 12,000 ರೂಪಾಯಿಗೆ ತಕೊಂಡದ್ದು. ನೋಂದಣಿ ಕರ್ನಾಟಕದಲ್ಲಿ, ನಂಬರು ಸಿಎಎನ್ 42 ಎಂದು ಪತ್ರಿಕೆಗಳು ಬರೆದವು. ಹಾಗಾಗಿ ಆ ಕಾರಿನ ಮೇಲೆ ನಮಗೂ ಸ್ವಲ್ಪ ಹಕ್ಕು ಉಂಟು ಎಂಬುದು ನನ್ನ ವಾದ. ಗುಂಡಗಿನ ಮೈ, ಅಗಲ ಸೀಟು, ಐವತ್ತರ ಆಸುಪಾಸಿನ ಅಶ್ವಶಕ್ತಿ. ಇವತ್ತಿನ ಸಣ್ಣ ಆಲ್ಟೊ ಅದನ್ನು ಹಿಂದೆ ಹಾಕೀತು. ಆ ಕಾರಿನಲ್ಲಿ ಅವರು 23 ಲಕ್ಷ ಮೈಲಿ ತಿರುಗಿದರು ಎಂಬುದು ಪತ್ರಿಕೆಗಳು ಕೊಟ್ಟ ಲೆಕ್ಕ. ಅಷ್ಟು ಓಡಿದ್ದಕ್ಕೆ ಕಂಪನಿಯವರು ಕೊಟ್ಟ ಪದಕಗಳು ಕಾರಿನ ಮುಂದೆಯೇ ಇವೆಯಂತೆ. ಕೊನೆಗೆ ಕಂಪನಿಯ ದೊಡ್ಡ ಅಧಿಕಾರಿಗಳೇ ಅರಮನೆಗೆ ಬಂದು, ಈ ಹಳೆಯದನ್ನು ನಮಗೆ ಕೊಡಿ, ಎರಡು ಹೊಸ ಕಾರು ಕೊಡುತ್ತೇವೆ ಎಂದರಂತೆ. ಅವರು ಕೊಡಲಿಲ್ಲ.

"ಕೇಳಿದ್ರಲ್ಲ? ಒಂದಕ್ಕೆ ಎರಡು. ಎಕ್ಸ್‌ಚೇಂಜ್ ಅಂದ್ರೆ ಅದು. ಆದ್ರೂ ಬೇಡ ಅಂದ್ರು."

ಮಾಸ್ಟ್ರು ಕತೆಗೆ ಮರುಳಾಗುವವರಲ್ಲ, ಮೊದಲು ಲೆಕ್ಕಕ್ಕೆ ಕೈ ಹಾಕಿದರು. 23 ಲಕ್ಷ ಮೈಲಿಯನ್ನು ಐವತ್ತೆಂಟು ವರ್ಷಕ್ಕೆ ಹಂಚಿದರೆ ಒಂದು ದಿವಸವೂ ಬಿಡದೆ ದಿನಕ್ಕೆ ನೂರೆಂಟು ಮೈಲಿ ಬರುತ್ತದೆ. "ನೂರೆಂಟು! ಜಪದ ಲೆಕ್ಕ ಇದ್ದ ಹಾಗೆ ಉಂಟು, ಮೀಟರಿನದ್ದಲ್ಲ." ನನಗೂ ಆ ಸಂಖ್ಯೆಯ ಮೇಲೆ ಸಂಶಯ ಇದೆ. ಆದರೆ ಕಾರು ಕೊಡದೆ ಇದ್ದದ್ದು ಕತೆಯ ತಿರುಳು, ಸಂಖ್ಯೆ ಅದರ ಒಗ್ಗರಣೆ. 2022ರಲ್ಲಿ ಆ ಕಾರನ್ನು ರಾಜಮನೆತನದವರು ಲುಲು ಗುಂಪಿನ ಯೂಸುಫಲಿಯವರಿಗೆ ಉಡುಗೊರೆಯಾಗಿ ಕೊಡಲಿದ್ದಾರೆಂದು ಸುದ್ದಿಯಾಯಿತು. ಹೆಲಿಕಾಪ್ಟರಿನಲ್ಲಿ ಓಡಾಡುವವರಿಗೆ ಐವತ್ತು ಕುದುರೆಯ ಕಾರು.

"ಅರಮನೆಯಲ್ಲಿ ಇದ್ದದ್ದು ಅದೊಂದೇ ಕಾರಾ?" ಎಂದು ಕೇಳಿದರು ಮಾಸ್ಟ್ರು. "ಬೇಕು ಅಂದ್ರೆ ಬೇರೆ ಸಿಗುವವನಿಗೆ ಬೇಡ ಅನ್ನಲಿಕ್ಕೆ ಸುಲಭ. ನನ್ನ ಮಟ್ಟಿಗೆ ಇದು ಕೊನೆಯ ಕಾರು ಮೇನೇಜ್ರೇ." ಸ್ವಲ್ಪ ಹೊತ್ತು ಬಾನೆಟ್ಟಿನ ಮೇಲಿನ ಹಕ್ಕಿಹಿಕ್ಕೆ ಉಜ್ಜಿದರು. ಆಮೇಲೆ ಹೇಳಿದರು: ಶಾಲೆಗೆ ಹೋಗಲಿಕ್ಕೆ ತಕೊಂಡದ್ದು ಲೂನಾ, ಅದು ಸಂಬಳ ನೋಡಿ ತಕೊಂಡದ್ದು. ಆಮೇಲಿನ ಮಾರುತಿ ಓಮ್ನಿ, ಅದು ಮಕ್ಕಳು, ತೆಂಗಿನಕಾಯಿ, ಅಡಿಕೆ ಮೂಟೆ ಎಲ್ಲ ಹಿಡಿಯಬೇಕೆಂದು. ಸಿಯಾಜ್ ತಕೊಂಡದ್ದು ಅಮ್ಮನಿಗೆ ಮಂಡಿನೋವು, ಮಂಗಳೂರಿನ ಆಸ್ಪತ್ರೆಗೆ ಹೋಗಿಬರುವಾಗ ಕಾಲು ಚಾಚಲು ಜಾಗ ಬೇಕೆಂದು. ಅಮ್ಮ ಹೋಗಿ ಕೆಲವು ವರ್ಷ ಆಯಿತು. "ಒಂದೂ ನಾನು ಓಡಿಸಲಿಕ್ಕೆ ಅಂತ ತಕೊಂಡದ್ದಲ್ಲ. ಹಿಂದೆ ಕೂರುವವರಿಗೆ ಅಂತ ತಕೊಂಡದ್ದು."

ಇಷ್ಟು ದಿವಸ ಟೈಮು ಉಳಿಯುತ್ತದೆ, ಸೇಫ್ಟಿ ಹೆಚ್ಚು, ಟ್ಯಾಂಕರು ಹಿಂದೆ ಹಾಕಬಹುದು ಎಂದು ಸುತ್ತಿ ಬಳಸಿದವರು ಈಗ ವಿಷಯಕ್ಕೆ ಬಂದರು ನೋಡಿ. ಇದಕ್ಕೆ ನನ್ನಲ್ಲಿ ಪ್ರತಿವಾದ ಇಲ್ಲ. ಬ್ಯಾಂಕಿನ ಕೌಂಟರಿನ ಈಚೆ ಕೂತು ವಾಹನ ಸಾಲದ ಅರ್ಜಿ ನೋಡಿದವನಿಗೆ ಒಂದು ಗೊತ್ತು. ಅರ್ಜಿಯಲ್ಲಿ ಬರೆದ ಕಾರಣ ಯಾವತ್ತೂ ಕಾರು ಬೇಕಾದ ಕಾರಣ ಅಲ್ಲ. ಖುಷಿಗೆ ಎಂದು ಬರೆದ ಒಬ್ಬನೇ ಒಬ್ಬ ಗಿರಾಕಿ ನನ್ನ ಮೇಜಿಗೆ ಬಂದಿಲ್ಲ. ಬಂದಿದ್ದರೆ ಆ ಧೈರ್ಯಕ್ಕಾದರೂ ಮೊದಲು ಸಹಿ ಹಾಕುತ್ತಿದ್ದೆ. ವೇಗದ ಕಾರು ಕೊಡುವುದು ಬೇಗ ಮುಟ್ಟುವುದನ್ನಲ್ಲ, ಕಾಲ ಕೆಳಗೆ ಇನ್ನೂ ಉಂಟು ಎಂಬ ಭರವಸೆಯನ್ನು. 50ರ ಬೋರ್ಡಿನ ಕೆಳಗೆ 50ರಲ್ಲೇ ಹೋಗುವಾಗಲೂ ಆ ಭರವಸೆ ಇರುತ್ತದೆ. ಅದಕ್ಕೆ ಬೆಲೆ ಕೊಡುವುದು ತಪ್ಪು ಎಂದು ನಾನು ಹೇಳಲಾರೆ. ಇಲ್ಲೇ ಎರ್ನಾಕುಳಂನಲ್ಲಿ 2025ರಲ್ಲಿ ಕೆಎಲ್ 07 ಡಿಜಿ 0007 ಎಂಬ ನಂಬರನ್ನು 45.99 ಲಕ್ಷಕ್ಕೆ ಹರಾಜಿನಲ್ಲಿ ತಕೊಂಡರು. ಕಾರಲ್ಲ, ನಂಬರು ಮಾತ್ರ. ಸುಖಕ್ಕೂ ಅಲ್ಲ, ವೇಗಕ್ಕೂ ಅಲ್ಲ. ಅದರ ಮುಂದೆ ಮಾಸ್ಟ್ರ ಆಸೆ ಗಾಂಧಿವಾದ.

ದುಡ್ಡಿನ ಮಾತಿಗೆ ಮಾತ್ರ ನಾನು ಬಿಗಿ ಬಿಡಲಿಲ್ಲ. ಶೋರೂಮಿನ ಹುಡುಗ ಜಿಎಸ್ಟಿ ಇಳಿದಿದೆ ಎಂದು ದಿನಾ ಫೋನು ಮಾಡುತ್ತಾನೆ. ಇಳಿದದ್ದು ಹೌದು. 2025ರ ಸೆಪ್ಟೆಂಬರ್ 22ರಿಂದ ಈ ಅಳತೆಯ ಕಾರುಗಳಿಗೆ ಸೆಸ್ ಸೇರಿ 45 ಇದ್ದ ತೆರಿಗೆ 40 ಆಗಿದೆ. ಆದರೆ ಹೊಸದರ ರೇಟು ಇಳಿದ ದಿವಸವೇ ಹಳೆಯದರ ರೇಟೂ ಇಳಿಯುತ್ತದೆ, ಅದನ್ನು ಹುಡುಗ ಹೇಳುವುದಿಲ್ಲ. ತಯಾರಿ ನಿಂತ ಕಾರು ಎಂದು ಸಿಯಾಜಿಗೆ ಇನ್ನೂ ಸ್ವಲ್ಪ ಕುಯ್ಯುತ್ತಾನೆ. ಎಕ್ಸ್‌ಚೇಂಜಿಗೆ ಹೋಗಬೇಡಿ, ಕೊಡುವುದಾದರೆ ಊರಿನವರಿಗೇ ಕೊಡಿ, ಸೊಂಟನೋವಿನವರು ಎಲ್ಲ ಊರಲ್ಲೂ ಇದ್ದಾರೆ ಎಂದೆ. ನನ್ನ ಸೊಂಟದ ವಿಷಯ ಮಾಸ್ಟ್ರಿಗೆ ಗೊತ್ತು. ಎಷ್ಟಕ್ಕೆ ತಕೊಳ್ತೀರಿ ಎಂದು ಕೇಳಿಯೇಬಿಟ್ಟರು. ಬಸಳೆಗೆ ನೀರು ಹೆಚ್ಚಾಯಿತೆಂದು ನಾನು ನಲ್ಲಿ ನಿಲ್ಲಿಸಲು ಹೋದೆ.

ಭಾನುವಾರ ಟೆಸ್ಟ್ ಡ್ರೈವಿಗೆ ಕಾರು ಮನೆಗೇ ಬರುತ್ತದಂತೆ. ಮಾಸ್ಟ್ರು ಸೀಪೋರ್ಟ್–ಏರ್‌ಪೋರ್ಟ್ ರಸ್ತೆಯ ಕನಸು ಕಾಣುತ್ತಿದ್ದರು. ಅಕ್ಕ ಅಡಿಗೆಮನೆಯ ಕಿಟಕಿಯಿಂದಲೇ ದಾರಿ ಗೊತ್ತುಮಾಡಿದರು: ಚೋಟ್ಟಾನಿಕ್ಕರ. ಶಂಕರಾಚಾರ್ಯರ ಹಿಂದೆ ಹೊರಟ ಕೊಲ್ಲೂರಿನ ಮೂಕಾಂಬಿಕೆ ಅವರು ತಿರುಗಿ ನೋಡಿದರೆಂದು ಕೊಲ್ಲೂರಲ್ಲೇ ನಿಂತಳು, ಆದರೂ ಬೆಳಗಿನ ಹೊತ್ತು ಚೋಟ್ಟಾನಿಕ್ಕರದಲ್ಲಿ ಇರುತ್ತೇನೆಂದು ಮಾತು ಕೊಟ್ಟಳು ಎಂಬುದು ಇಲ್ಲಿಯವರ ನಂಬಿಕೆ. ಐನೂರು ಕಿಲೋಮೀಟರಿಗೂ ಮೇಲೆ, ದಿನಾ, ಟೋಲ್ ಇಲ್ಲದೆ. ಸ್ಪೀಡು ಬೇಕಾದವರು ಮೊದಲು ಅವಳನ್ನು ಕೇಳಿಕೊಂಡು ಬರಲಿ ಎಂದರು ಅಕ್ಕ. ಇನ್ನೊಂದು ಶರತ್ತೂ ಇತ್ತು. ತಾನು ಹಿಂದಿನ ಸೀಟಿನಲ್ಲಿ ತೊಡೆಯ ಮೇಲೆ ಸಾರಿನ ಪಾತ್ರೆ ಇಟ್ಟುಕೊಂಡು ಕೂರುವುದು, ಕರಿಂಗಾಚ್ಚಿರದ ಹಂಪು ಗುಂಡಿ ಎಲ್ಲ ದಾಟಿ ಹೋಗಿ ಬರುವುದು. ಸೀರೆಗೆ ಒಂದು ಹನಿ ಬಿದ್ದರೂ ಸಿಯಾಜ್ ಇದ್ದಲ್ಲೇ ಇರುತ್ತದೆ.

ಮಾಸ್ಟ್ರು ಸಸ್ಪೆನ್ಷನ್, ಟಯರಿನ ಗಾಳಿ, ಪಾತ್ರೆಯ ಆಳ ಎಲ್ಲ ಮನಸ್ಸಿನಲ್ಲೇ ಅಳೆಯುತ್ತ ನಿಂತರು. ಕೊನೆಗೆ ಕಿಟಕಿಯ ಕಡೆ ತಿರುಗಿ ಬಹಳ ವಿನಯದಿಂದ ಕೇಳಿದರು:

"ಪಾತ್ರೆಗೆ ಮುಚ್ಚಳ ಇರ್ತದಾ?"